ಸಮಾನತೆಯ ಪಾಠ ವಾರ್ಡಿನಲ್ಲೇ ಆಗಬೇಕು

ಎಂಬಿಬಿಎಸ್ ಪಠ್ಯಕ್ರಮ 2019ರಲ್ಲಿ ಬದಲಾದ ಮೇಲೆ ಮೆಡಿಕಲ್ ಕಾಲೇಜುಗಳಿಗೆ ‘ಎಟ್‌ಕಾಮ್’ ಎಂಬ ಪಾಠ ಬಂತು. ರೋಗಿಯ ಜೊತೆ ಹೇಗೆ ನಡೆದುಕೊಳ್ಳಬೇಕು, ಹೇಗೆ ಮಾತಾಡಬೇಕು, ಯಾವುದು ಸರಿ ಯಾವುದು ತಪ್ಪು ಎಂದು ಕಲಿಸುವ ಪಾಠ. ಬಂದದ್ದು ಒಳ್ಳೆಯದೇ ಆಯಿತು. ಆದರೆ ಬಹಳ ಕಡೆ ಅದು ಮಧ್ಯಾಹ್ನ ಊಟವಾದ ಮೇಲೆ ಲೆಕ್ಚರ್ ಹಾಲ್‌ನಲ್ಲಿ ನಾಲ್ಕು ಸ್ಲೈಡ್ ಹಾಕಿ ಮುಗಿಸುವ ತಾಸಾಗಿದೆ. ‘ಜಾತಿ, ಬಣ್ಣ, ಭಾಷೆ ನೋಡದೆ ಎಲ್ಲರನ್ನೂ ಸಮಾನವಾಗಿ ಕಾಣಬೇಕು’ ಎಂದು ಹುಡುಗರು ಬರೆದುಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದರೆ ಅಲ್ಲಿ ಬೇರೆಯದೇ ಪಾಠ ನಡೆದಿರುತ್ತದೆ. ಇಸ್ತ್ರಿ ಅಂಗಿ ಹಾಕಿದವರಿಗೆ ‘ಬರ್ರಿ, ಕೂಡ್ರಿ’. ಪಕ್ಕದ ಮಂಚದ ಎಪ್ಪತ್ತರ ಅಜ್ಜಿಗೆ ‘ಏ ಮುದುಕಿ, ಬಾಯಿ ತಗಿ’. ಹುಡುಗರು ಕಲಿಯುವುದು ಯಾವ ಪಾಠವನ್ನು ಎಂದು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಹುಬ್ಬಳ್ಳಿಯಲ್ಲಿ ಮೆಡಿಸಿನ್ ಕಲಿಸುವ ನಾನು ಸಹೋದ್ಯೋಗಿಗಳ ಮುಂದೆ ಒಂದೇ ಮಾತು ಹೇಳುತ್ತ ಬಂದಿದ್ದೇನೆ. ರೋಗಿಗಳಲ್ಲಿ ಭೇದ ಮಾಡುವ ಡಾಕ್ಟರು ರೋಗವನ್ನೂ ಸರಿಯಾಗಿ ಹಿಡಿಯಲಾರರು. ಸ್ಟೆತಾಸ್ಕೋಪ್ ಹಿಡಿಯುವುದನ್ನು ಎಲ್ಲಿ ಕಲಿಸುತ್ತೇವೋ ಇದನ್ನೂ ಅಲ್ಲೇ ಕಲಿಸಬೇಕು.

ಚರ್ಮದಿಂದಲೇ ಶುರು ಮಾಡೋಣ. ಪುಸ್ತಕದಲ್ಲಿ ಸೋಂಕು ತಗುಲಿದ ಚರ್ಮ ‘ಕೆಂಪಾಗಿರುತ್ತದೆ’, ಆಮ್ಲಜನಕ ಕಡಿಮೆಯಾದವರು ‘ನೀಲಿಯಾಗುತ್ತಾರೆ’. ಇದೆಲ್ಲ ಬಿಳಿ ಚರ್ಮ ನೋಡಿ ಬರೆದದ್ದು. ನಮ್ಮ ದೇಶದ ಚರ್ಮರೋಗ ತಜ್ಞರ ಪುಸ್ತಕಗಳಲ್ಲಿ ನಮ್ಮವರ ಚರ್ಮದ ಚಿತ್ರಗಳೇ ಇವೆ. ಆದರೆ ವಿದ್ಯಾರ್ಥಿಗಳ ಮೊಬೈಲಿನಲ್ಲಿರುವ ಆ್ಯಪ್, ಪ್ರಶ್ನೆಕೋಶಗಳಲ್ಲಿ ಹೆಚ್ಚಿನ ಚಿತ್ರಗಳು ಹೊರಗಿನವು. ಗದ್ದೆಯಲ್ಲಿ ದುಡಿದ ಕಪ್ಪು ಕಾಲಿಗೆ ಸೋಂಕಾದಾಗ ಅದು ಕೆಂಪಾಗಿ ಕಾಣುವುದಿಲ್ಲ. ಕಂದು ಅಥವಾ ನೇರಳೆ ಛಾಯೆ ಇರುತ್ತದೆ, ಕೆಲವು ಸಲ ಬಣ್ಣವೇ ಬದಲಾಗಿರುವುದಿಲ್ಲ. ಮುಟ್ಟಿದರೆ ಬಿಸಿ ಇರುತ್ತದೆ, ಬಿಗಿದಿರುತ್ತದೆ, ಇನ್ನೊಂದು ಕಾಲಿಗೆ ಹೋಲಿಸಿದರೆ ಊದಿರುವುದು ಗೊತ್ತಾಗುತ್ತದೆ. ಅಂದರೆ ಮುಟ್ಟಲೇಬೇಕು. ರಕ್ತ ಕಡಿಮೆ ಇದೆಯೇ ಎಂದು ತಿಳಿಯಲು ಕೆಳಗಿನ ರೆಪ್ಪೆಯ ಒಳಗೆ, ಅಂಗೈಯಲ್ಲಿ ನೋಡಬೇಕು. ನೀಲಿ ನೋಡಬೇಕಾದ್ದು ನಾಲಿಗೆಯಲ್ಲಿ. ಲಂಡನ್ನಿನ ಸೇಂಟ್ ಜಾರ್ಜ್ ಮೆಡಿಕಲ್ ಕಾಲೇಜಿನಲ್ಲಿ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ, ಕಪ್ಪು ಚರ್ಮದಲ್ಲಿ ರೋಗದ ಗುರುತು ಹೇಗೆ ಕಾಣುತ್ತದೆ ಎಂದು ನಮಗ್ಯಾಕೆ ತೋರಿಸುತ್ತಿಲ್ಲ ಎಂದು ಕೇಳಿದ. 2020ರಲ್ಲಿ ತನ್ನ ಶಿಕ್ಷಕರ ಜೊತೆ ಸೇರಿ ತಾನೇ ಒಂದು ಕೈಪಿಡಿ ಹೊರತಂದ. ಆ ಪ್ರಶ್ನೆ ನಮ್ಮ ಮೊದಲ ವರ್ಷದ ಹುಡುಗರ ಬಾಯಿಂದಲೂ ಬರಬೇಕು ಎನ್ನುವುದು ನನ್ನ ಆಸೆ.

ಈಗ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅದು ಬೆರಳಿನ ಮೂಲಕ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ, ರಕ್ತ ಎಷ್ಟು ಬೆಳಕು ಹೀರಿತು ಎಂದು ಲೆಕ್ಕ ಹಾಕುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಯಂತ್ರದ ಅಳತೆ ಕೂರಿಸುವಾಗ ಹೆಚ್ಚಾಗಿ ತಿಳಿ ಬಣ್ಣದವರ ಮೇಲೆಯೇ ಪರೀಕ್ಷೆ ಮಾಡಿದ್ದರು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ಅಪಧಮನಿಯ ರಕ್ತದಲ್ಲಿ ಆಮ್ಲಜನಕ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಹೆಚ್ಚುಕಡಿಮೆ ಮೂರು ಪಟ್ಟು. 2025ರ ಜನವರಿಯಲ್ಲಿ ಅಲ್ಲಿನ ಔಷಧಿ, ವೈದ್ಯಕೀಯ ಯಂತ್ರಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಯಂತ್ರಗಳನ್ನು ಎಲ್ಲ ಬಣ್ಣದ ಚರ್ಮದ ಮೇಲೂ ಪರೀಕ್ಷಿಸಬೇಕು ಎಂದು ಕರಡು ಮಾರ್ಗಸೂಚಿ ತಂದಿತು.

ಅಮೆರಿಕದ ಮಾತು ಹುಬ್ಬಳ್ಳಿಗೆ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ವಾರ್ಡಿಗೆ ಕಲಘಟಗಿ, ಮುಂಡಗೋಡ, ಯಲ್ಲಾಪುರ, ಹಳಿಯಾಳ ಕಡೆಯಿಂದ ಸಿದ್ದಿ ಸಮುದಾಯದವರು ಬರುತ್ತಾರೆ. ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ವಂಶಸ್ಥರು ಇವರು. ಮಾತಾಡುವುದು ಕನ್ನಡ, ಕೊಂಕಣಿ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ ಸದಸ್ಯರಾದರು. ಇಷ್ಟಾದರೂ ಒಮ್ಮೆ ರೌಂಡ್ಸ್‌ನಲ್ಲಿ ನ್ಯುಮೋನಿಯಾ ಆಗಿ ಮಲಗಿದ್ದ ಒಬ್ಬ ಹಿರಿಯರಿಗೆ ನಮ್ಮ ಇಂಟರ್ನ್ ಇಂಗ್ಲಿಷಿನಲ್ಲಿ ಯಾವ ದೇಶದವರು ಎಂದು ಕೇಳಿದ. ಅವರು ಉಸಿರು ಎಳೆದುಕೊಳ್ಳುತ್ತ, ‘ಇಲ್ಲೇ ಕಲಘಟಗಿ ಬಾಜೂಕ ಬರ್ತೈತ್ರಿ ನಮ್ಮೂರು’ ಎಂದರು. ಯಂತ್ರದಲ್ಲಿ 94 ಇತ್ತು. ಚಾರ್ಟಿನಲ್ಲಿ ‘ಸ್ಟೇಬಲ್’ ಎಂದು ಬರೆದಾಗಿತ್ತು. ಆದರೆ ಉಸಿರು ಜೋರಾಗಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಒಂದು ವಾಕ್ಯ ಪೂರ್ತಿ ಮಾಡಲು ಎರಡು ಸಲ ನಿಲ್ಲುತ್ತಿದ್ದರು. ಎಬಿಜಿ, ಅಂದರೆ ಅಪಧಮನಿಯ ರಕ್ತ ತೆಗೆದು ಆಮ್ಲಜನಕ ನೋಡುವ ಪರೀಕ್ಷೆ, ಮಾಡಿಸಿದಾಗ ಅಂಕಿ ಬಹಳ ಕೆಳಗಿತ್ತು. ಒಬ್ಬ ರೋಗಿಯಿಂದ ಯಂತ್ರದ ತಪ್ಪು ಸಿದ್ಧವಾಗುವುದಿಲ್ಲ, ಆಕ್ಸಿಮೀಟರ್ ತಪ್ಪು ತೋರಿಸಲು ತಣ್ಣಗಿನ ಬೆರಳು, ಕಡಿಮೆ ಬಿಪಿಯಂಥ ಕಾರಣಗಳೂ ಇರುತ್ತವೆ. ಅವತ್ತು ವಿದ್ಯಾರ್ಥಿಗಳಿಗೆ ಹೇಳಿದ್ದು ಇಷ್ಟು: ಮೊದಲು ಮನುಷ್ಯನನ್ನು ನೋಡಿ, ಆಮೇಲೆ ಅಂಕಿ ನೋಡಿ. ಎರಡಕ್ಕೂ ತಾಳೆಯಾಗದಿದ್ದರೆ ಎಬಿಜಿ ಕಳಿಸಿ.

ಕಿಡ್ನಿಯ ಲೆಕ್ಕದಲ್ಲೂ ಇದೇ ಕಥೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಎಷ್ಟಿದೆ ಎಂದು ನೋಡಿ ಕಿಡ್ನಿಯ ಕೆಲಸ ಅಂದಾಜು ಮಾಡುವ ಹಳೆಯ ಸೂತ್ರಗಳಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು ಜಾಸ್ತಿ ಮಾಡುವ ಗುಣಕ ಇತ್ತು. ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಎಂದು ಕಾಗದ ಹೇಳುತ್ತಿತ್ತು, ತಜ್ಞರ ಬಳಿ ಕಳಿಸುವುದು ತಡವಾಗುತ್ತಿತ್ತು. 2021ರಲ್ಲಿ ಆ ಗುಣಕವನ್ನು ತೆಗೆದುಹಾಕಿದರು. ಹಳೆಯ ಸೂತ್ರ ಹಿಡಿದುಕೊಂಡೇ ಕೂತವರಿಗೆ ಇದನ್ನು ತಿಳಿಸಬೇಕು.

ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ನಮಗೆ ಇನ್ನೂ ಹತ್ತಿರದ್ದು. ಅದರಲ್ಲಿ ಬಹಳ ಕಾಲದಿಂದ ‘ಭಾರತೀಯರ ಶ್ವಾಸಕೋಶ ಚಿಕ್ಕದು’ ಎಂದುಕೊಂಡು ನಾರ್ಮಲ್ ಮಟ್ಟವನ್ನೇ ಕೆಳಗೆ ಇಳಿಸುವ ರೂಢಿ ಇತ್ತು. 2023ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗ ನೋಡದ ಸೂತ್ರ ಬಳಸಲು ಹೇಳಿತು. ನಮ್ಮ ಜನರನ್ನೇ ಅಳೆದು ಮಾಡಿದ ಸೂತ್ರಗಳಿಗೂ ಅವುಗಳದೇ ಉಪಯೋಗವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತ ಹೆಣ್ಣುಮಗಳನ್ನು ನೆನಪು ಮಾಡಿಕೊಳ್ಳಿ. ದಿನವಿಡೀ ಘಾಟು, ಮನೆಗೆ ಹೋದರೆ ಕಟ್ಟಿಗೆ ಒಲೆಯ ಹೊಗೆ, ಸಣ್ಣವಳಿದ್ದಾಗ ಹೊಟ್ಟೆತುಂಬ ಊಟ ಇರಲಿಲ್ಲ. ಇವೆಲ್ಲದರಿಂದ ಅವಳ ಶ್ವಾಸಕೋಶ ಕುಗ್ಗಿದ್ದರೆ, ‘ನಿಮ್ಮ ಜನರಿಗೆ ಇದು ನಾರ್ಮಲ್’ ಎಂದು ರಿಪೋರ್ಟ್ ಕೊಟ್ಟು ಕಳಿಸಿದರೆ ಆಯಿತೇ? ಬಡತನ ಮಾಡಿದ ಹಾನಿಯನ್ನು ಹುಟ್ಟಿನ ಖಾತೆಗೆ ಬರೆದಂತಾಯಿತು. ರಿಪೋರ್ಟ್ ಕೈಗೆ ಬಂದಾಗ ಈ ‘ನಾರ್ಮಲ್’ ಯಾರನ್ನು ಅಳೆದು ಮಾಡಿದ್ದು ಎಂದು ವಿದ್ಯಾರ್ಥಿ ಕೇಳುವಂತಾಗಬೇಕು.

ಇನ್ನು ನೋವಿನ ವಿಷಯ. ವರ್ಜೀನಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್‌ಗಳನ್ನು ಪ್ರಶ್ನಿಸಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ, ಅವರ ನರಗಳು ಅಷ್ಟು ಚುರುಕಲ್ಲ ಎನ್ನುವಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಅರ್ಧದಷ್ಟು ಜನ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಎಣಿಸಿದರು, ಅವರು ಸೂಚಿಸಿದ ಚಿಕಿತ್ಸೆಯೂ ಅಷ್ಟು ಸರಿ ಇರಲಿಲ್ಲ. ಇದನ್ನು ಓದಿ ಹೇಳಿದಾಗ ನಮ್ಮ ಹುಡುಗರಿಗೆ ಆಶ್ಚರ್ಯವಾಗುತ್ತದೆ, ಅಲ್ಲಿನವರು ಹೀಗೂ ಇದ್ದಾರಾ ಎನ್ನುತ್ತಾರೆ. ಆಗ ಅವರನ್ನು ನಮ್ಮದೇ ಹೆರಿಗೆ ವಾರ್ಡಿಗೆ, ಸಣ್ಣ ಶಸ್ತ್ರಚಿಕಿತ್ಸೆ ನಡೆಯುವ ಮೈನರ್ ಓಟಿಗೆ ಕರೆದುಕೊಂಡು ಹೋಗಬೇಕು. ‘ಹೊಲದಾಗ ದುಡಿಯೋ ಹೆಣ್ಮಕ್ಕಳು, ತಡಕೋತಾರ’ ಎನ್ನುವ ಮಾತು ಅಲ್ಲಿ ಕಿವಿಗೆ ಬೀಳುತ್ತದೆ. ಲೋಕಲ್ ಅನಸ್ತೇಸಿಯಾ ಹಿಡಿಯುವ ತನಕ ಕಾಯದೆ ಹೊಲಿಗೆ ಶುರುವಾಗಿರುತ್ತದೆ. ಅದೇ ಪರಿಚಯದ ಪ್ರೊಫೆಸರರ ಮನೆಯವರು ಬಂದರೆ ಕಾಯುತ್ತಾರೆ. ತಡೆದುಕೊಳ್ಳುವವರಿಗೆ ನೋವು ಕಡಿಮೆ ಎಂದು ಯಾವ ಫಿಸಿಯಾಲಜಿ ಪುಸ್ತಕದಲ್ಲೂ ಇಲ್ಲ. ಕೂಗಿದರೆ ಬೈಯುತ್ತಾರೆ ಎಂದು ಹೆದರಿ ಹಲ್ಲು ಕಚ್ಚಿ ಮಲಗಿದವರನ್ನು ನಾವು ಗಟ್ಟಿಗಿತ್ತಿಯರು ಅನ್ನುತ್ತಿದ್ದೇವೆ. ಈ ಒಂದು ರೂಢಿಯ ಬಗ್ಗೆ ನನಗೆ ಬಹಳ ಸಿಟ್ಟಿದೆ.

ಕೇಸ್ ಶೀಟಿನಲ್ಲಿ ಒಂದು ಪದ ಪದೇಪದೇ ಬರುತ್ತದೆ: ‘ನಾನ್‌ಕಂಪ್ಲಯಂಟ್’. ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ ಎಂದು. ಶಿರಹಟ್ಟಿ ಕಡೆಯ ಒಂದು ತಾಂಡಾದಿಂದ ಬಂದ ಟಿಬಿ ರೋಗಿಯ ಶೀಟಿನಲ್ಲೂ ಅದೇ ಇತ್ತು. ಜೊತೆಗಿದ್ದ ಮಗಳಿಗೆ ಲಂಬಾಣಿ, ಕನ್ನಡ ಎರಡೂ ಬರುತ್ತಿತ್ತು. ಅವಳ ಮೂಲಕ ಕೇಳಿದಾಗ ಗೊತ್ತಾಯಿತು, ಮನೆಮಂದಿಯೆಲ್ಲ ಗೋವಾಕ್ಕೆ ಗುಳೆ ಹೋಗಿದ್ದರು. ಗುಳಿಗೆ ಊರಿನ ಆಸ್ಪತ್ರೆಯಲ್ಲಿತ್ತು, ಜನ ಅಲ್ಲಿದ್ದರು. ಅಲ್ಲೂ ಟಿಬಿ ಔಷಧಿ ಪುಕ್ಕಟೆ ಸಿಗುತ್ತದೆ, ಇಲ್ಲಿಂದ ವರ್ಗ ಮಾಡಿಸಿಕೊಳ್ಳಬಹುದು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಇಲ್ಲಿ ಅಡ್ಡಿಯಾದದ್ದು ರೋಗಿಯ ಹಟವಲ್ಲ, ನಮ್ಮ ಅರ್ಧ ಕೆಲಸ. ಇನ್ಸುಲಿನ್ ಕೊಡುವಾಗಲೂ ಹಾಗೆಯೇ. ಮನೆಯಲ್ಲಿ ಫ್ರಿಜ್ ಇದೆಯಾ ಎಂದು ಕೇಳಬೇಕು. ಇಲ್ಲದಿದ್ದರೆ ನೀರು ಚಿಮುಕಿಸಿದ ಮಣ್ಣಿನ ಗಡಿಗೆಯಲ್ಲಿ ಇಡುವುದನ್ನು ಹೇಳಿಕೊಡಬೇಕು.

ಚೀಟಿ ಮಾಡಿಸುವಾಗ ‘ತಂದೆ ಅಥವಾ ಗಂಡನ ಹೆಸರು’ ಎಂಬ ಜಾಗ ಇರುತ್ತದೆ. ದೇವದಾಸಿ ಪದ್ಧತಿಗೆ ನಮ್ಮ ರಾಜ್ಯದಲ್ಲಿ 1982ರ ಕಾಯ್ದೆಯಲ್ಲೇ ನಿಷೇಧವಿದೆ, ಆದರೆ ಆ ತಾಯಂದಿರು, ಅವರ ಮಕ್ಕಳು ನಮ್ಮ ಕ್ಯೂನಲ್ಲಿ ನಿಂತಿರುತ್ತಾರೆ. ಎಲ್ಲರ ಮುಂದೆ ಕೌಂಟರಿನಿಂದ ‘ಅಪ್ಪನ ಹೆಸರೇನ?’ ಎಂದು ಕೂಗಿದರೆ ಮುಂದಿನ ಸಲ ಅವರು ಬರುವುದೇ ಇಲ್ಲ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನು ಯಾವ ವಾರ್ಡಿನಲ್ಲಿ ಮಲಗಿಸಬೇಕು ಎಂದು ಮಂಚದ ಮುಂದೆ ನಿಂತು ಚರ್ಚೆ ಮಾಡುವುದೂ ಅಷ್ಟೇ ಕೆಟ್ಟದ್ದು. ಸುಮ್ನೆ ಅವರನ್ನೇ ಮೆಲ್ಲಗೆ ಕೇಳಿದರಾಯಿತು. 2019ರ ತೃತೀಯ ಲಿಂಗಿಗಳ ಕಾಯ್ದೆಯಲ್ಲಿ ವೈದ್ಯಕೀಯ ಪಠ್ಯಕ್ರಮವನ್ನು ಮರುಪರಿಶೀಲಿಸಬೇಕು ಎಂಬ ಮಾತೇ ಇದೆ.

ಆದರೆ ಪಠ್ಯಕ್ರಮ ತನ್ನಷ್ಟಕ್ಕೆ ತಾನೇ ಸುಧಾರಿಸುವುದಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಲಿಂಗ ಸಂಬಂಧವನ್ನು ಮತ್ತೆ ‘ಅಸಹಜ ಅಪರಾಧ’ದ ಪಟ್ಟಿಗೆ ಸೇರಿಸಿದ್ದರು. ಕನ್ಯತ್ವದ ಗುರುತುಗಳೂ ವಾಪಸ್ ಬಂದಿದ್ದವು. ಅಂಗವಿಕಲರ ಬಗೆಗಿನ ಪಾಠ ಬಿಟ್ಟುಹೋಗಿತ್ತು. ವೈದ್ಯರು, ಅಂಗವಿಕಲರ ಸಂಘಟನೆಗಳು ವಿರೋಧಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡು ತಿದ್ದಿದರು. ಮಾತಾಡಿದ್ದಕ್ಕೆ ಆಯಿತು.

ಬಿಳಿ ಕೋಟು ಹಾಕಿದವರ ನಡುವೆಯೂ ಭೇದ ಇದೆ. ಹಾಸ್ಟೆಲಿಗೆ ಬಂದ ಮೊದಲ ವಾರ ‘ನಿಂದು ರ‍್ಯಾಂಕ್ ಎಷ್ಟು?’ ಎಂಬ ಪ್ರಶ್ನೆ ಬರುತ್ತದೆ. ಸೀಟು ಮೀಸಲಾತಿಯದೇ ಎಂದು ರ‍್ಯಾಂಕಿನಿಂದ ಊಹಿಸುತ್ತಾರೆ, ಕೇಳುವವರಿಗೆ ಬೇಕಾದದ್ದು ಜಾತಿ. ದೆಹಲಿಯ ಏಮ್ಸ್‌ನಲ್ಲಿ ಮೀಸಲಾತಿಯ ವಿದ್ಯಾರ್ಥಿಗಳು ಅನುಭವಿಸುತ್ತಿದ್ದ ಭೇದಭಾವವನ್ನು ಸರ್ಕಾರ ನೇಮಿಸಿದ್ದ ಥೋರಟ್ ಸಮಿತಿ 2007ರಲ್ಲೇ ವರದಿಯಲ್ಲಿ ಬರೆದಿತ್ತು. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ತಡವಿ ಭಿಲ್ಲ ಸಮುದಾಯದ ಸ್ನಾತಕೋತ್ತರ ವಿದ್ಯಾರ್ಥಿನಿ ಡಾ. ಪಾಯಲ್ ತಡವಿ ಜೀವ ಕಳೆದುಕೊಂಡರು. ಸೀನಿಯರ್‌ಗಳ ಜಾತಿ ನಿಂದನೆ ತಾಳಲಾರದೆ ಹೀಗಾಯಿತು ಎನ್ನುವುದು ಕುಟುಂಬದ ಆರೋಪ. ಆ ಹೆಸರನ್ನು ನಾನು ಪ್ರತಿ ಹೊಸ ಪಿಜಿ ಬ್ಯಾಚ್‌ಗೆ ಹೇಳುತ್ತೇನೆ. ಡ್ಯೂಟಿ ಪಟ್ಟಿ ಹಾಕುವಾಗ, ಓಟಿಯಲ್ಲಿ ಯಾರಿಗೆ ಕೈಗೆ ಕತ್ತರಿ ಸಿಗುತ್ತದೆ, ಯಾರು ಬರೀ ಫೈಲ್ ಹೊರುತ್ತಾರೆ ಎಂದು ಯೂನಿಟ್ ಮುಖ್ಯಸ್ಥರು ಬರೆದಿಟ್ಟು ನೋಡಬೇಕು. ಯಾರಿಗೆ ಕೆಲಸ ಕಲಿಸಿಲ್ಲ ಎನ್ನುವುದು ಆ ಪುಸ್ತಕದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಪರೀಕ್ಷೆಯಲ್ಲಿ ಬಾರದ್ದನ್ನು ವಿದ್ಯಾರ್ಥಿಗಳು ಓದುವುದಿಲ್ಲ. ಅದಕ್ಕೆ ಇಂಟರ್ನಲ್ ಪರೀಕ್ಷೆಯ ಬೆಡ್‌ಸೈಡ್ ಕೇಸಿಗೆ ಕೆಲವು ಅಂಕಗಳನ್ನು ಇದಕ್ಕೇ ಮೀಸಲಿಡಿ ಎಂದು ಕೇಳುತ್ತಿದ್ದೇನೆ. ‘ಇದನ್ನ ಹೆಂಗ ಅಳೀತೀರಿ ಮೇಡಂ?’ ಎನ್ನುತ್ತಾರೆ ಕೆಲ ಸಹೋದ್ಯೋಗಿಗಳು. ಅಳೆಯಬಹುದು. ರೋಗಿಯನ್ನು ಅಜ್ಜಾರ, ಅಕ್ಕಾರ ಎಂದು ಬಹುವಚನದಲ್ಲಿ ಮಾತಾಡಿಸಿದರೇ? ತಮ್ಮ ಹೆಸರು ಹೇಳಿ, ಮುಟ್ಟುವ ಮುಂಚೆ ಕೇಳಿದರೇ? ಪರದೆ ಎಳೆದರೇ? ಭಾಷೆ ತಿಳಿಯದಿದ್ದಾಗ ದುಭಾಷಿ ಹುಡುಕಿದರೇ? ಚರ್ಮದ ಬಣ್ಣಕ್ಕೆ ತಕ್ಕಂತೆ ಸರಿಯಾದ ಜಾಗದಲ್ಲಿ ಗುರುತು ನೋಡಿದರೇ? ಇಷ್ಟನ್ನೂ ಪಕ್ಕದಲ್ಲಿ ನಿಂತು ಹೌದು, ಇಲ್ಲ ಎಂದು ಗುರುತು ಹಾಕಬಹುದು. ಕಾರಣ ಕೇಳದೆ ‘ನಾನ್‌ಕಂಪ್ಲಯಂಟ್’ ಎಂದು ಬರೆದ ಕೇಸ್ ಶೀಟನ್ನು ಮಂಚದ ಹತ್ತಿರಕ್ಕೆ ವಾಪಸ್ ಕಳಿಸಬೇಕು, ಕೇಳಿ ಬರೆದು ತಂದ ಮೇಲೆಯೇ ಸಹಿ.