ಆ ಸಿಳ್ಳೆ ಕೇಳಿದರೆ ಸಾಕು

ಕಂಬದ ಮೇಲೆ ಪೊಲೀಸರ ಪೋಸ್ಟರ್. ಕೊಲೆಗಾರನ ಸುಳಿವು ಕೊಟ್ಟವರಿಗೆ ಬಹುಮಾನ. ಎಲ್ಸಿ ಎಂಬ ಪುಟ್ಟ ಹುಡುಗಿ ಆ ಪೋಸ್ಟರಿಗೇ ಚೆಂಡು ಎಸೆದು ಆಡುತ್ತಿದ್ದಾಳೆ. ಪೋಸ್ಟರಿನ ಮೇಲೆ ಒಬ್ಬನ ನೆರಳು ಬೀಳುತ್ತದೆ. ಆಮೇಲೆ ಅವನು ಅವಳಿಗೆ ಬಲೂನು ಕೊಡಿಸುತ್ತಾನೆ. ಬಾಯಲ್ಲಿ ಸಿಳ್ಳೆ. ಮನೆಯಲ್ಲಿ ಅಮ್ಮ ಕೂಗಿ ಕರೆಯುತ್ತಾಳೆ. ಊಟದ ಮೇಜಿನ ಮೇಲೆ ಖಾಲಿ ತಟ್ಟೆ. ಹುಲ್ಲಿನಿಂದ ಉರುಳಿ ಬರುವ ಚೆಂಡು. ತಂತಿಗೆ ಸಿಕ್ಕಿಕೊಂಡ ಬಲೂನು. ಅಷ್ಟೇ. ಕೊಲೆಯನ್ನು ತೋರಿಸುವುದೇ ಇಲ್ಲ.

ಇದು ನಿರ್ದೇಶಕ ಫ್ರಿಟ್ಸ್ ಲಾಂಗ್ 1931ರಲ್ಲಿ ಜರ್ಮನಿಯಲ್ಲಿ ತೆಗೆದ 'ಎಂ' ಸಿನಿಮಾ, ಅವರ ಮೊದಲ ಮಾತಿನ ಚಿತ್ರ. ಮಾತು, ಸದ್ದು ಹೊಸದಾಗಿ ಕೈಗೆ ಸಿಕ್ಕಾಗ ಎಲ್ಲ ಕಡೆ ಸಂಗೀತ ತುಂಬುವ ಆಸೆ ಸಹಜ, ಅಲ್ವಾ? ಲಾಂಗ್ ಹಿನ್ನೆಲೆ ಸಂಗೀತವನ್ನೇ ಬಿಟ್ಟರು. ಉಳಿದದ್ದು ಆ ಸಿಳ್ಳೆ. ನಾರ್ವೆಯ ಸಂಗೀತಗಾರ ಗ್ರೀಗ್ ಒಂದು ನಾಟಕಕ್ಕೆ ಮಾಡಿದ್ದ ಧಾಟಿ ಅದು. ಕೊಲೆಗಾರನ ಪಾತ್ರದ ಪೀಟರ್ ಲೋರೆಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ. ಚಿತ್ರದಲ್ಲಿ ಕೇಳುವುದು ಬೇರೆಯವರ ಸಿಳ್ಳೆ.

ಸಿಳ್ಳೆಯಲ್ಲಿ ಹೆದರುವಂಥದ್ದು ಏನೂ ಇಲ್ಲ. ಹೆದರಿಕೆ ನಮ್ಮ ಮಿದುಳಿನಲ್ಲಿ ಹುಟ್ಟುತ್ತದೆ. ಗಂಟೆ ಬಾರಿಸಿ ಊಟ ಕೊಟ್ಟರೆ, ಮುಂದೆ ಗಂಟೆ ಕೇಳಿದರೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಅಪಾಯದ ವಿಷಯದಲ್ಲಿ ಈ ಪಾಠ ಇನ್ನೂ ಬೇಗ ಆಗುತ್ತದೆ. ಒಂದು ಸದ್ದಿನ ಬೆನ್ನಿಗೇ ಕೆಟ್ಟದ್ದು ನಡೆದರೆ, ಕೆಲವೊಮ್ಮೆ ಒಂದೇ ಸಲಕ್ಕೆ, ಮಿದುಳಿನ ಅಮಿಗ್ಡಲ ಎಂಬ ಭಾಗ ಎರಡನ್ನೂ ಗಂಟು ಹಾಕಿಬಿಡುತ್ತದೆ. ಎಲ್ಸಿಯ ಖಾಲಿ ತಟ್ಟೆ ನೋಡಿದ ಮೇಲೆ ಆ ಸಿಳ್ಳೆ ನಮಗೆ ಸುಮ್ನೆ ಸಿಳ್ಳೆಯಾಗಿ ಉಳಿಯುವುದಿಲ್ಲ.

ನನಗೆ ತುಂಬಾ ಇಷ್ಟವಾಗುವುದು ಬಲೂನು ಮಾರುವ ಮುದುಕ. ಅವನಿಗೆ ಕಣ್ಣು ಕಾಣುವುದಿಲ್ಲ. ಇಡೀ ಬರ್ಲಿನ್ ಪೊಲೀಸ್ ಪಡೆಗೆ ಸಿಗದವನನ್ನು ಅವನು ಸಿಳ್ಳೆಯಿಂದ ಗುರುತಿಸುತ್ತಾನೆ. ಇದು ಬರೀ ಕಥೆಗಾರನ ಜಾಣತನವಲ್ಲ. ಶ್ರುತಿ ಏರಿಸಿ ಹಾಡಿದರೂ ಹಾಡು ಅದೇ ಎಂದು ನಮಗೆ ಗೊತ್ತಾಗುತ್ತದಲ್ಲ? ಕಿವಿ ಹಿಡಿದಿಡುವುದು ಸ್ವರದಿಂದ ಸ್ವರಕ್ಕೆ ಇರುವ ಅಂತರವನ್ನು. ಚಿಕ್ಕಂದಿನಲ್ಲೇ ದೃಷ್ಟಿ ಹೋದವರಲ್ಲಿ, ನೋಡುವ ಕೆಲಸಕ್ಕಿದ್ದ ಮಿದುಳಿನ ಜಾಗವೂ ಸದ್ದನ್ನು ಅರಿಯುವ ಕೆಲಸಕ್ಕೆ ಇಳಿಯುತ್ತದೆ. ಮುದುಕ ಹೇಳಿದ್ದೇ ತಡ, ಒಬ್ಬ ಹುಡುಗ ಬೆನ್ನು ಹತ್ತುತ್ತಾನೆ. ಅಂಗೈ ಮೇಲೆ ಸೀಮೆಸುಣ್ಣದಲ್ಲಿ 'ಎಂ' (ಜರ್ಮನ್ ಭಾಷೆಯಲ್ಲಿ ಕೊಲೆಗಾರ ಎಂಬ ಪದದ ಮೊದಲ ಅಕ್ಷರ) ಬರೆದುಕೊಂಡು ಕೊಲೆಗಾರನ ಹೆಗಲಿಗೆ ಒತ್ತುತ್ತಾನೆ.

ಅದಕ್ಕೂ ಮುಂಚೆ ಒಂದು ದೃಶ್ಯವಿದೆ. ಇನ್ನೊಬ್ಬ ಹುಡುಗಿ ಕೊಲೆಗಾರನ ಕೈಗೆ ಸಿಗದೆ ಪಾರಾಗಿದ್ದಾಳೆ. ಅವನು ಹೋಟೆಲಿನ ಬಳ್ಳಿಗಳ ಮರೆಯಲ್ಲಿ ಕುಡಿಯುತ್ತಾ ಕೂತಿದ್ದಾನೆ. ಕ್ಯಾಮೆರಾ ಒಳಗೆ ಹೋಗುವುದಿಲ್ಲ. ನಮಗೆ ಕಾಣುವುದು ಹೆಚ್ಚಾಗಿ ಎಲೆಗಳೇ. ಅವುಗಳ ಹಿಂದಿನಿಂದ ಮತ್ತೆ ಆ ಸಿಳ್ಳೆ ಬರುತ್ತದೆ.