ಓದುಗರ ಪ್ರಶ್ನೆ: ಹಳೆಯ ಮೋರಿಸ್ ಮೈನರ್ ಕೊಂಡರೆ ನಡುದಾರಿಯಲ್ಲಿ ಕೈಕೊಡುವುದೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಬಾರಿ ಕೇಳಿದವರು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು. ಕೊಳ್ಳಿ, ಆದರೆ ಕಾರಿನ ತಳ ನೋಡಿ ಕೊಳ್ಳಿ. ಅಲೆಕ್ ಇಸಿಗೋನಿಸ್ ರೂಪಿಸಿ 1948ರಲ್ಲಿ ಹೊರಬಂದ ಈ ಕಾರು, ಹತ್ತು ಲಕ್ಷದ ಸಂಖ್ಯೆ ಮುಟ್ಟಿದ ಮೊದಲ ಬ್ರಿಟಿಷ್ ಕಾರು. ಅದರ ಎಂಜಿನ್ನಿಗೆ ನಾನು ಹೆದರುವುದಿಲ್ಲ, ತುಕ್ಕಿಗೆ ಹೆದರುತ್ತೇನೆ. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಸುರಿಯುವ ಉಪ್ಪು ಬಾಗಿಲಡಿಯ ಪಟ್ಟಿಯನ್ನೂ ಹಿಂದಿನ ಸ್ಪ್ರಿಂಗ್ ಕೂರುವ ಜಾಗವನ್ನೂ ತಿಂದುಹಾಕುತ್ತದೆ. ಮುಂದಿನ ಚಕ್ರದ ಕೆಳಗಿನ ಟ್ರನಿಯನ್ನಿಗೆ, ಅಂದರೆ ಚಕ್ರ ತಿರುಗಲು ಆಸರೆಯಾದ ಸ್ಕ್ರೂ ಕೀಲಿಗೆ, ಹೊತ್ತುಹೊತ್ತಿಗೆ ಗ್ರೀಸ್ ಹಾಕದಿದ್ದರೆ ಅದರ ಸ್ಕ್ರೂ ಸುತ್ತುಗಳು ಸವೆದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಕೊಳ್ಳುವ ಮುನ್ನ ಭಯಪಡಬೇಕಾದದ್ದು ಇವೆರಡಕ್ಕೇ.

ಆದರೆ ಪ್ರತಿ ಪತ್ರದ ಕೊನೆಯಲ್ಲೂ ಒಂದೇ ಸಾಲು ಇರುತ್ತದೆ: "ಲೂಕಾಸ್ ವೈರಿಂಗ್ ಅಂತೆ, ಕತ್ತಲಾದರೆ ದೀಪವೇ ಇರುವುದಿಲ್ಲವಂತೆ." ಈ ಕಾರಿನ ವಿದ್ಯುತ್ ಭಾಗಗಳನ್ನು ಮಾಡಿಕೊಟ್ಟ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಂಪನಿಗೆ 'ಕತ್ತಲೆಯ ರಾಜಕುಮಾರ' ಎಂಬ ಅಡ್ಡಹೆಸರು ಅಂಟಿ ದಶಕಗಳಾದವು. ಈ ಮಾತನ್ನು ಹೇಳುವವರಲ್ಲಿ ಹೆಚ್ಚಿನವರು ಆ ಕಾರಿನ ಒಂದು ಬಲ್ಬನ್ನೂ ಬಿಚ್ಚಿ ನೋಡಿದವರಲ್ಲ.

ಸ್ವಲ್ಪ ಯೋಚಿಸಿ. ಬ್ರಿಟನ್ನಿನ ಅಂಚೆ ಇಲಾಖೆ ಮೈನರ್ ವ್ಯಾನುಗಳಲ್ಲಿ ಟಪಾಲು ಸಾಗಿಸಿತು. ಪೊಲೀಸರು ಅದರಲ್ಲೇ ರಾತ್ರಿ ಗಸ್ತು ತಿರುಗಿದರು. ಕತ್ತಲಾದೊಡನೆ ನಿಲ್ಲುವ ಗಾಡಿಯನ್ನು ಪೊಲೀಸರು ಇಟ್ಟುಕೊಳ್ಳುತ್ತಾರೆಯೇ? ನಮ್ಮ ಅಂಬಾಸಡರ್ ಕೂಡ ಮೋರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿಯಿಂದ ಹುಟ್ಟಿದ್ದು. ಲೂಕಾಸ್ 1961ರಲ್ಲಿ ಟಿವಿಎಸ್ ಜೊತೆಗೂಡಿ ಮದ್ರಾಸಿನಲ್ಲಿಯೂ ತಯಾರಿಕೆಗೆ ಕೈಹಾಕಿತು. ಅಂಬಾಸಡರನ್ನು ಹತ್ತು ಬಗೆಯಲ್ಲಿ ಬೈದವರನ್ನು ಕಂಡಿದ್ದೇನೆ, ಕತ್ತಲಿಗೆ ಹೆದರಿ ಅದನ್ನು ಬಿಟ್ಟವರನ್ನು ಕಂಡಿಲ್ಲ.

ಹಾಗಾದರೆ ದೀಪ ಮಂಕಾಗುವುದು ಯಾಕೆ? ಕರೆಂಟು ಬಲ್ಬಿಗೆ ತಂತಿಯಲ್ಲಿ ಹೋಗುತ್ತದೆ, ಬ್ಯಾಟರಿಗೆ ಮರಳುವುದು ಕಾರಿನ ಕಬ್ಬಿಣದ ಮೈಯಿಂದ. ಬಲ್ಬಿನ ಗೂಡು ಆ ಮೈಗೆ ತಾಗುವಲ್ಲಿ ಅರವತ್ತು ವರ್ಷದ ತುಕ್ಕು, ಅದರ ಮೇಲೆ ಯಾರೋ ಬಳಿದ ಹೊಸ ಬಣ್ಣ. ಅಲ್ಲಿ ಎರಡು ವೋಲ್ಟ್ ಸೋರಿ 12ರ ಬದಲು 10 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಕಣ್ಣು ಮಿಟುಕಿಸಿದರೆ, ಮರಳುವ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗುತ್ತಿದೆ ಎಂದೇ ತಿಳಿಯಿರಿ. ನನ್ನ ಬಳಿ ಕೆಲಸ ಕಲಿತ ಹುಡುಗನೊಬ್ಬ, ಇಡೀ ವೈರಿಂಗ್ ಬದಲಿಸಬೇಕೆಂದು ಬೇರೆಯವರು ಹೇಳಿ ಕಳಿಸಿದ್ದ ಕಾರನ್ನು ಮರಳು ಕಾಗದ ಮತ್ತು ನಾಲ್ಕು ಸ್ಕ್ರೂಗಳಿಂದ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿದ. ತಂತಿಗೆ ಕೈಹಾಕುವ ಮುನ್ನ ಮೀಟರ್ ಹಿಡಿದು ಅರ್ತಿಂಗ್, ಅಂದರೆ ಕರೆಂಟು ಮೈಯಿಂದ ಮರಳುವ ದಾರಿಯನ್ನು, ಅಳೆದನಲ್ಲ, ಆ ದಿನ ನನ್ನ ಎದೆ ಉಬ್ಬಿತ್ತು.

ಕೊರತೆಗಳು ಇಲ್ಲವೆಂದಲ್ಲ. ಇಡೀ ಕಾರಿಗೆ ಎರಡೇ ಫ್ಯೂಸು, ಹೆಡ್‌ಲೈಟಿಗೆ ಅದೂ ಇಲ್ಲ. ಆದರೆ ಅದು ಖರ್ಚು ಉಳಿಸಲು ಕಾರು ತಯಾರಕರು ಮಾಡಿದ ತೀರ್ಮಾನ. ಬ್ಯಾಟರಿ ತುಂಬುವ ಡೈನಮೋ ಕೂಡ ಎಂಜಿನ್ ನಿಧಾನವಾಗಿ ತಿರುಗುವಾಗ ಚಾರ್ಜ್ ಮಾಡುವುದಿಲ್ಲ. ಮಳೆಯ ರಾತ್ರಿ ಸಿಗ್ನಲ್ಲಿನಲ್ಲಿ ದೀಪ, ವೈಪರ್ ಎರಡನ್ನೂ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತದೆ. ಆ ಕಾಲದ ಡೈನಮೋಗಳೆಲ್ಲವೂ ಹೀಗೆಯೇ.

ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಕಾರುಗಳಲ್ಲಿ ಕಬ್ಬಿಣದ ಮೈಗೆ ಬಿಗಿದಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಅದನ್ನು ಬ್ರಿಟಿಷರ ಹುಚ್ಚು ಎನ್ನುವವರಿದ್ದಾರೆ. ಹುಚ್ಚಲ್ಲ. ಸ್ಪಾರ್ಕ್ ಪ್ಲಗ್ಗಿನ ನಡುವಿನ ಕಡ್ಡಿ ಹೆಚ್ಚು ಬಿಸಿಯಾಗಿರುತ್ತದೆ, ಬಿಸಿ ಲೋಹ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಆ ಕಡ್ಡಿ ನೆಗೆಟಿವ್ ಆಗಿದ್ದರೆ ಕಡಿಮೆ ವೋಲ್ಟಿನಲ್ಲೇ ಕಿಡಿ ಹಾರುತ್ತದೆ. ತಂತಿಯ ತುದಿಗಳು ಕಡಿಮೆ ಕೊಳೆಯುತ್ತವೆ ಎಂಬ ನಂಬಿಕೆಯೂ ಆಗ ಇತ್ತು. ಇಂದು ಹೊಸ ರೇಡಿಯೋ ಹಾಕಲೆಂದು ಕೆಲವರು ಬ್ಯಾಟರಿಯನ್ನು ತಿರುಗಿಸಿ ನೆಗೆಟಿವ್ ಅರ್ತ್ ಮಾಡಿಕೊಳ್ಳುತ್ತಾರೆ. ಮಾಡಬಹುದು. ಆದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಕೊಡುವ ಕಾಯಿಲ್‌ನ ಎರಡು ಸಣ್ಣ ತಂತಿಗಳನ್ನೂ ಅದಲುಬದಲು ಮಾಡಬೇಕು, ಇಲ್ಲವಾದರೆ ಏರಿನಲ್ಲಿ ಎಂಜಿನ್ ಮಿಸ್ ಹೊಡೆಯುತ್ತದೆ. ಡೈನಮೋವಿನ ತಂತಿಗಳನ್ನು ಕಳಚಿ, ಅದರ 'ಎಫ್' ತುದಿಗೆ ಬ್ಯಾಟರಿಯ ಲೈವ್ ತಂತಿಯನ್ನು ಒಂದು ಕ್ಷಣ ಮುಟ್ಟಿಸಿ ಅದಕ್ಕೂ ಹೊಸ ದಿಕ್ಕು ಕೊಡಬೇಕು. ಹಿಂದಿನ ಮಾಲೀಕರು ಇದನ್ನು ಮಾಡಿದ್ದಾರೋ ಇಲ್ಲವೋ ಕಾಗದದಲ್ಲಿ ಬರೆದಿರುವುದಿಲ್ಲ. ಬಾನೆಟ್ ಎತ್ತಿದೊಡನೆ ಬ್ಯಾಟರಿಯ ಯಾವ ತುದಿಯ ಕೇಬಲ್ ಕಾರಿನ ಮೈಗೆ ಬಿಗಿದಿದೆ ಎಂದು ನೋಡಿ, ಆಮೇಲೆ ಸ್ಪ್ಯಾನರ್ ಕೈಗೆತ್ತಿಕೊಳ್ಳಿ.