ಮಠಕ್ಕೆ ಬೆಂಕಿ ಬಿದ್ದ ಮೇಲೆ ಸಿಕ್ಕ ಆರ್ಥರ್‌ನ ಸಮಾಧಿ

ಇಂಗ್ಲೆಂಡಿನ ಸೋಮರ್‌ಸೆಟ್ ಸೀಮೆಯ ಗ್ಲಾಸ್ಟನ್‌ಬರಿ ಮಠ 1184ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದನ್ನು ಮತ್ತೆ ಕಟ್ಟಲು ಹಣ ಕೊಡುತ್ತಿದ್ದ ದೊರೆ ಎರಡನೇ ಹೆನ್ರಿ 1189ರಲ್ಲಿ ತೀರಿಕೊಂಡ. ಅವನ ಮಗ ರಿಚರ್ಡ್‌ಗೆ ಧರ್ಮಯುದ್ಧದ್ದೇ ಧ್ಯಾನ. ಕೈ ಖಾಲಿಯಾಗಿದ್ದ ಈ ಹೊತ್ತಿನಲ್ಲಿ, 1191ರ ಸುಮಾರಿಗೆ, ಸನ್ಯಾಸಿಗಳು ಸ್ಮಶಾನ ಅಗೆದು 5–6ನೇ ಶತಮಾನದವನೆನ್ನಲಾದ, ಬ್ರಿಟನ್ನಿನ ದಂತಕಥೆಯ ವೀರ ಆರ್ಥರ್ ರಾಜನ ಸಮಾಧಿ ಸಿಕ್ಕಿತೆಂದು ಸಾರಿದರು. ಯಾತ್ರಿಕರ ಕಾಣಿಕೆಯಿಂದ ನಡೆಯುವ ಮಠಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಟೊಳ್ಳು ಮಾಡಿದ ಓಕ್ ದಿಮ್ಮಿಯೊಳಗೆ ಭಾರೀ ಆಳಿನ ಮೂಳೆಗಳಿದ್ದವು, ಹೆಂಗಸಿನ ಹೊಂಬಣ್ಣದ ಜಡೆಯಿತ್ತು, ಸನ್ಯಾಸಿಯೊಬ್ಬ ಕೈಹಾಕುತ್ತಲೇ ಅದು ಪುಡಿಯಾಯಿತು ಎಂದು ಆ ಕಾಲದ ಲೇಖಕ ಜೆರಾಲ್ಡ್ ಆಫ್ ವೇಲ್ಸ್ ಬರೆದಿದ್ದಾನೆ. ಜೊತೆಗೆ ಸೀಸದ ಶಿಲುಬೆ, ಅದರ ಮೇಲೆ, ಗಾಯಗೊಂಡ ಆರ್ಥರ್‌ನನ್ನು ಒಯ್ದರೆಂದು ಕಥೆ ಹೇಳುವ ಅವಲಾನ್ ದ್ವೀಪದ ಹೆಸರು. ಜೆರಾಲ್ಡ್ ಉಲ್ಲೇಖಿಸುವ ಬರಹದಲ್ಲಿ ಆರ್ಥರ್‌ನ ರಾಣಿ ಗ್ವಿನಿವಿಯರ್ ಕೂಡ ಇದ್ದಾಳೆ. 1607ರಲ್ಲಿ ಅಚ್ಚಾದ ಶಿಲುಬೆಯ ಚಿತ್ರದಲ್ಲಿ ಆಕೆಯ ಸುಳಿವಿಲ್ಲ. ಶಿಲುಬೆಯೂ ಆಮೇಲೆ ಕಾಣೆಯಾಯಿತು.

ಜಾಗವೇನೋ ಕಥೆಗೆ ಹೇಳಿಮಾಡಿಸಿದಂತಿತ್ತು. ಸುತ್ತಲಿನ ಜೌಗುನೆಲದಲ್ಲಿ ನೀರು ನಿಂತಾಗ 158 ಮೀಟರ್ ಎತ್ತರದ ಟಾರ್ ಗುಡ್ಡ ನಿಜಕ್ಕೂ ದ್ವೀಪದಂತೆ ಕಾಣುತ್ತದೆ.

ದೊರೆಗಳಿಗೂ ಇದರಲ್ಲಿ ಲಾಭವಿತ್ತು. ಆರ್ಥರ್ ಸತ್ತಿಲ್ಲ, ಒಂದು ದಿನ ಮರಳಿ ಬರುತ್ತಾನೆಂಬ ನಂಬಿಕೆ ವೇಲ್ಸ್ ಜನರಲ್ಲಿತ್ತು. ಮೂಳೆ ಸಿಕ್ಕಿತೆಂದರೆ ಆ ಆಸೆಗೆ ಬೀಗ. ವೇಲ್ಸ್ ಮೇಲೆ ದಂಡೆತ್ತಿ ಹೋಗಿದ್ದ ಒಂದನೇ ಎಡ್ವರ್ಡ್ 1278ರಲ್ಲಿ ಖುದ್ದಾಗಿ ಬಂದು, ಸಮಾಧಿ ತೆರೆಸಿ, ಮೂಳೆಗಳನ್ನು ಮರ್ಯಾದೆಯಿಂದ ಮತ್ತೆ ಹೂಳಿಸಿದ. 1539ರಲ್ಲಿ ಮಠವನ್ನೇ ಮುಚ್ಚಲಾಯಿತು, ಸಮಾಧಿ ಉಳಿಯಲಿಲ್ಲ.

ಹಾಗಾದರೆ ಆರ್ಥರ್ ಇದ್ದನೆ? 6ನೇ ಶತಮಾನದ ಸನ್ಯಾಸಿ ಗಿಲ್ಡಾಸ್, ಬ್ರಿಟನ್ನರು ಸ್ಯಾಕ್ಸನ್ನರನ್ನು ಗೆದ್ದ ಬೇಡನ್ ಬೆಟ್ಟದ ಕಾಳಗವನ್ನು ಹೇಳುತ್ತಾನೆ, ಆರ್ಥರ್ ಹೆಸರೆತ್ತುವುದಿಲ್ಲ. ಸುಮಾರು 830ರ ಲ್ಯಾಟಿನ್ ಚರಿತ್ರೆಯೊಂದು ಮಾತ್ರ ಆರ್ಥರ್‌ಗೆ ಹನ್ನೆರಡು ಯುದ್ಧಗಳನ್ನು ಕಟ್ಟಿ, ಬೇಡನ್‌ನಲ್ಲಿ ಒಂದೇ ದಿನ 960 ಮಂದಿಯನ್ನು ಅವನೊಬ್ಬನೇ ಉರುಳಿಸಿದನೆನ್ನುತ್ತದೆ. ಇದನ್ನು ಚರಿತ್ರೆ ಎಂದು ಒಪ್ಪುವುದು ಕಷ್ಟ.

ಕಾರ್ನ್‌ವಾಲ್‌ನ ಟಿಂಟಜೆಲ್‌ನಲ್ಲಿ ಮೊದಲು ಕಥೆ, ಆಮೇಲೆ ಕೋಟೆ. ಆರ್ಥರ್ ಗರ್ಭದಲ್ಲಿ ಮೂಡಿದ್ದು ಅಲ್ಲಿ ಎಂದು 1130ರ ದಶಕದಲ್ಲಿ ಲೇಖಕ ಜೆಫ್ರಿ ಆಫ್ ಮನ್‌ಮತ್ ಬರೆದ. ಸುಮಾರು ನೂರು ವರ್ಷದ ಬಳಿಕ ಕಾರ್ನ್‌ವಾಲ್‌ನ ಅರ್ಲ್ (ಸಾಮಂತ) ರಿಚರ್ಡ್ ಆ ಕಡಲಬಂಡೆಯ ಮೇಲೆ ಕೋಟೆ ಕಟ್ಟಿಸಿದ, ಬಹುಶಃ ಆ ಕೀರ್ತಿಯ ನೆರಳಿಗಾಗಿಯೇ. ಸ್ವಾರಸ್ಯವೆಂದರೆ, ಕೋಟೆಗಿಂತ ಹಳೆಯ ಪದರಗಳಲ್ಲಿ ಮೆಡಿಟರೇನಿಯನ್ ತೀರದಿಂದ ಬಂದ 5–6ನೇ ಶತಮಾನದ ಮಡಕೆಚೂರುಗಳು ರಾಶಿ ಸಿಕ್ಕಿವೆ: ಆ ಕಾಲದಲ್ಲಿ ಅಲ್ಲಿ ಯಾರೋ ಸಿರಿವಂತ ಒಡೆಯ ಇದ್ದಿರಬೇಕು. 1998ರಲ್ಲಿ 'ಆರ್ಟೊಗ್ನೌ' ಎಂದು ಕೆತ್ತಿದ ಕಲ್ಲೊಂದು ಸಿಕ್ಕಾಗ ಪತ್ರಿಕೆಗಳು ಕುಣಿದಾಡಿದವು. ಅದು ಬೇರೆಯೇ ಹೆಸರು ಎನ್ನುತ್ತಾರೆ ವಿದ್ವಾಂಸರು.